ಕೋಡಿಗಾಗಿ ತೊಟ್ಟ ರೆಡಿಮೇಡ್ ಷರ್ಟು

ಲೈನಿಂಗ್ ಬಟ್ಟೆ ಹುಡುಕಲು ಅಂಗಡಿಯ ಅಟ್ಟಕ್ಕೆ ಕೈ ಹಾಕಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಗಂಟು. ಬಿಚ್ಚುವ ಮೊದಲೇ ಒಳಗೇನಿದೆ ಎಂದು ಗೊತ್ತಾಯಿತು. ತಿಳಿ ನೀಲಿ ಬಣ್ಣದ ಷರ್ಟು. ಬಲತೋಳು ಮಣಿಕಟ್ಟಿಗೆ ಸರಿಯಾಗಿದೆ, ಎಡತೋಳು ಬೆರಳು ಮುಚ್ಚುವಷ್ಟು ಉದ್ದ. ಬಲಭುಜ ಕತ್ತರಿಸಿ ಕೂರಿಸಿದ್ದು, ಎಡಭುಜ ಜೋತುಬಿದ್ದದ್ದು. ಬಲಮಗ್ಗುಲಲ್ಲಿ ಕಂಕುಳಿಂದ ಕೆಳಗೆ ಒಂದು ಪಟ್ಟಿ ಸೇರಿಸಿದೆ. ಎಡಮಗ್ಗುಲಲ್ಲಿ ಪಟ್ಟಿಯೂ ಇಲ್ಲ, ಹೊಲಿಗೆಯೂ ಇಲ್ಲ. ಹರಿದು ಬಾಯಿ ಬಿಟ್ಟಿದೆ. ನೋಡಿದವರು, ಯಾರೋ ಅರ್ಧಕ್ಕೆ ಕೆಲಸ ಬಿಟ್ಟು ಎದ್ದುಹೋಗಿದ್ದಾರೆ ಅಂದುಕೊಳ್ಳಬಹುದು. ಹಾಗಲ್ಲ. ಅದು ಮುಗಿದ ಕೆಲಸ. ಇಷ್ಟು ವರ್ಷದ ಹೊಲಿಗೆಯಲ್ಲಿ ನಾನು ಆಲ್ಟರ್ ಮಾಡಿದ ಒಂದೇ ಒಂದು ರೆಡಿಮೇಡ್ ಷರ್ಟು ಅದು. ಮೈಮೇಲೆ ಹಾಕಿಕೊಂಡದ್ದೂ ಅದೊಂದನ್ನೇ. ಹಾಕಿಸಿದವರು ಮಳೆ ಮೇಡಂ.

ನನ್ನ ಅಂಗಡಿ ಕೆಂಗೇರಿಯಲ್ಲಿ, ಕೆರೆ ಏರಿಯ ಕೆಳಗಿನ ಬೀದಿಯಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕುರುಬರಹಳ್ಳಿಯ ಒಬ್ಬ ಕಟಿಂಗ್ ಮಾಸ್ಟರ್ ಹತ್ತಿರ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ಕೆಲಸ ಕಲಿತವನು ನಾನು. ಯಾರ ಹಂಗಿನಲ್ಲೂ ಬೆಳೆದವನಲ್ಲ. ಊರಿಗೆಲ್ಲ ರೆಡಿಮೇಡ್ ಬಂದ ಮೇಲೆ ನನ್ನ ಜೊತೆ ಕಲಿತವರು ಒಬ್ಬೊಬ್ಬರಾಗಿ ಕತ್ತರಿ ಮಡಿಸಿಟ್ಟು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಷರ್ಟಿನ ಮಗ್ಗುಲು ಹಿಡಿಯುವುದು, ಇಷ್ಟರಲ್ಲೇ ಹೊಟ್ಟೆ ಹೊರೆದುಕೊಂಡರು. ನಾನು ಒಪ್ಪಲಿಲ್ಲ. "ಇಲ್ಲಿ ರೆಡಿಮೇಡ್ ಆಲ್ಟ್ರೇಷನ್ ಮಾಡುವುದಿಲ್ಲ" ಎಂದು ಕೆಂಪು ಬಣ್ಣದಲ್ಲಿ ಬರೆಸಿ ಬಾಗಿಲ ಮೇಲೆ ನೇತುಹಾಕಿದೆ. ಯಾವುದೋ ದೇಶದಲ್ಲಿ ಕೂತು, ಯಾರದ್ದೋ ಮೈ ನೆನೆಸಿಕೊಂಡು ಕತ್ತರಿಸಿದವನ ತಪ್ಪನ್ನು ನಾನ್ಯಾಕೆ ತಿದ್ದಬೇಕು? ಆ ಬೋರ್ಡು ಇವತ್ತಿಗೂ ಇದೆ. ಬಣ್ಣ ಮಾಸಿದೆ, ಮಾತು ಮಾಸಿಲ್ಲ.

ಮೇಡಂ ಮೊದಲ ಸಲ ಬಂದಾಗ ಆ ಬೋರ್ಡಿನ ಕೆಳಗೆ ನಿಂತು, ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಕೈಯಲ್ಲಿದ್ದ ರೆಡಿಮೇಡ್ ಪ್ಯಾಂಟನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಓದಿದ್ಮೇಲೂ ಒಳಗೆ ಬಂದ್ರಲ್ಲ ಮೇಡಂ? ಅದೂ ಅಲ್ದೆ ಇದು ಜೆಂಟ್ಸ್ ಟೇಲರ್ ಅಂಗಡಿ" ಅಂದೆ.

"ಅದಕ್ಕ ಬಂದೀನ್ರಿ. ಲೇಡೀಸ್ ಟೇಲರ್ ಜೇಬು ಇಡಂಗಿಲ್ಲ. ಗಂಡಸರ ಪ್ಯಾಂಟಿಗೆ ಎಷ್ಟ್ ಜೇಬು ಅದಾವ ನೋಡ್ರಿ! ನಾವೇನು ಎಲ್ಲಾ ಕೈಯಾಗ ಹಿಡ್ಕೊಂಡು ಏರಿ ಮ್ಯಾಲೆ ಓಡಾಡಬೇಕೇನು?"

ಬಾಗಲಕೋಟೆ ಕಡೆಯವರು. ರಾಜಾಜಿನಗರದಲ್ಲಿ ಒಂದು ಖಾಸಗಿ ಆಫೀಸು ಕೆರೆ, ಕಾಲುವೆಗಳ ಯೋಜನೆ ತಯಾರು ಮಾಡಿಕೊಡುತ್ತಿತ್ತು. ಅಲ್ಲಿ ಕೆಲಸ. ನಮ್ಮ ಕೆರೆಯ ಯೋಜನೆ ಅವರ ಆಫೀಸಿಗೆ ಸಿಕ್ಕಿದ್ದರಿಂದ ಕೆಂಗೇರಿಯಲ್ಲೇ ರೂಮು ಮಾಡಿಕೊಂಡು, ದಿನಾ ಏರಿ ಅಳೆಯುತ್ತ ಓಡಾಡುತ್ತಿದ್ದರು. ಆಲ್ಟರ್ ಮಾಡಲ್ಲ, ಬೇಕಾದರೆ ಹೊಸದು ಹೊಲಿದುಕೊಡುತ್ತೇನೆ ಅಂದೆ. ಒಪ್ಪಿದರು. ಮುಂದೆ ಎರಡು, ಹಿಂದೆ ಎರಡು, ತೊಡೆಯ ಹತ್ತಿರ ಉದ್ದದ್ದೊಂದು ಜೇಬು ಇಟ್ಟು ಹೊಲಿದೆ. ಹಾಕಿಕೊಂಡು ಎಲ್ಲ ಜೇಬಿಗೂ ಕೈ ಹಾಕಿ ನೋಡಿ, "ಮಾಸ್ತರ್ರ, ಈಗ ಮನಷ್ಯಾಳಾದೆ ನೋಡ್ರಿ" ಅಂದರು.

ಬೆಂಗಳೂರಿನಲ್ಲಿ ಟೇಲರಿಗೆ ಮಾಸ್ಟರ್ ಅನ್ನುವುದು ಹೊಸದಲ್ಲ. ಆದರೆ ಅವರ ಕಡೆ ಮಾಸ್ತರ್ ಅಂದರೆ ಶಾಲೆಯಲ್ಲಿ ಪಾಠ ಹೇಳುವವರು. ಅವರ ಬಾಯಲ್ಲಿ ಆ ಮಾತು ಆ ದನಿಯಲ್ಲೇ ಬರುತ್ತಿತ್ತು. ಶಾಲೆ ಬಿಟ್ಟವನನ್ನು ಹಾಗೆ ಕರೆದವರು ಇನ್ನೊಬ್ಬರಿಲ್ಲ...

ಸಂಜೆ ಕೆಲಸ ಮುಗಿಸಿ ಹೋಗುವಾಗ ಅಂಗಡಿಯ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಎದುರಿನ ಹೋಟೆಲಿನ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ ಎಂದು ದಿನಾ ಬೈಯುವುದು, ಮರುದಿನ ಮತ್ತೆ ಅಲ್ಲೇ ಇಡ್ಲಿ ತಿನ್ನುವುದು. ಬೀದಿಯವರು ಅವರಿಗೆ ಮಳೆ ಮೇಡಂ ಎಂದು ಹೆಸರಿಟ್ಟದ್ದು ಆಗಲೇ. ಸಿಕ್ಕ ಹಳಬರನ್ನೆಲ್ಲ ಹಿಡಿದು ನಿಲ್ಲಿಸಿ, ಕೆರೆ ಯಾವಾಗ ಕೋಡಿ ಬಿದ್ದಿತ್ತು, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳುತ್ತಿದ್ದರು.

ಕೋಡಿ ಅಂದರೆ ಏರಿಯ ಒಂದು ತುದಿಯಲ್ಲಿ ಕಲ್ಲು ಕಟ್ಟಿ ತಗ್ಗಾಗಿ ಬಿಟ್ಟ ಜಾಗ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಅಲ್ಲಿಂದ ಹೊರಟು ಕಾಲುವೆಗೆ ಸೇರುತ್ತದೆ. ನಮ್ಮ ಕೆರೆಯ ಕೋಡಿ ಅಗಲವಾದದ್ದು. ಹಿಂದಿನವರು ಸುಮ್ಮನೆ ಅಷ್ಟು ಅಗಲ ಬಿಟ್ಟಿರಲಿಲ್ಲ. ಅದು ಕಿರಿದಾದರೆ ನೀರಿಗೆ ಉಳಿಯುವ ದಾರಿ ಒಂದೇ: ಏರಿ ಹತ್ತಿ ಈಚೆ ಇಳಿಯುವುದು. ಈಚೆ ಇರುವುದು ನಮ್ಮ ಬೀದಿ. ನನ್ನ ಅಂಗಡಿ, ಹಿಂದಿನ ಮನೆ, ಸಾಲಾಗಿ ಗಾರೆ ಕೆಲಸದವರ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರ ಮನೆಗಳು. ಆದರೆ ಮೇಲಿನ ಲೇಔಟಿನವರಿಗೆ ಕೋಡಿಯ ಹತ್ತಿರ ಕಾರು ತಿರುಗಲು ರಸ್ತೆ ಬೇಕಿತ್ತು. ಕೋಡಿಯ ಅರ್ಧ ಮುಚ್ಚಿದರೆ ರಸ್ತೆ ಆಗುತ್ತಿತ್ತು. ಮುಂದಿನ ದಿನಗಳ ಮಳೆಗೆ ಅರ್ಧ ಕೋಡಿ ಸಾಕೋ ಸಾಲದೋ ಎಂದು ಹೇಳುವುದು ಮೇಡಂ ಆಫೀಸಿನ ಕೆಲಸ.

ಒಂದು ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದರು. ಕೇಳಿದ್ದಕ್ಕೆ ಹೇಳಿದರು. ಇಡೀ ಭೂಮಿಯ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿವೆಯಂತೆ. ಮುಂದಿನ ಕಾಲದ ಮಳೆಯನ್ನು ಅವುಗಳಿಂದಲೇ ತಿಳಿಯಬೇಕು. ಆದರೆ ಅವು ಭೂಮಿಯನ್ನು ದೊಡ್ಡ ದೊಡ್ಡ ಚೌಕ ಮಾಡಿಕೊಂಡು, ಒಂದು ಚೌಕಕ್ಕೆ ಒಂದೇ ಮಳೆ ಕೊಡುತ್ತವೆ. ಲಗ್ಗೆರೆಯಲ್ಲಿ ಮೋರಿ ಉಕ್ಕುವಾಗ ಕೆಂಗೇರಿಯಲ್ಲಿ ರಸ್ತೆ ಒಣಗಿರುತ್ತದೆ ಅನ್ನುವುದು ಅವಕ್ಕೆ ತಿಳಿಯದು. ಇನ್ನೊಂದು ದೋಷ, ಅವಕ್ಕೆ ಸೋನೆ ಮಳೆಯ ಹುಚ್ಚು. ವರ್ಷದ ಮಳೆ ಕೂಡಿಸಿದರೆ ಒಟ್ಟು ಹೆಚ್ಚುಕಡಿಮೆ ಸರಿ. ಆದರೆ ಅದನ್ನು ದಿನಾ ಇಷ್ಟಿಷ್ಟು ಹನಿಸಿ ಮುಗಿಸುತ್ತವೆ. ವಾರಗಟ್ಟಲೆ ಒಣಗಿಸಿ ಆಮೇಲೆ ಒಂದೇ ಸಂಜೆ ರಸ್ತೆ, ಮೋರಿ ಒಂದು ಮಾಡುವ ನಮ್ಮ ಮಳೆ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

"ಹಂಗಾದ್ರೆ ಅದು ಕಳ್ಳ ಮಷಿನ್ನು. ಎಸೀರಿ ಮೇಡಂ ಅತ್ಲಾಗೆ" ಅಂದೆ.

"ಎಸೆದ್ರ ಮುಂದಿಂದು ಹೇಳೋರು ಯಾರ್ರೀ? ಅದು ಎಲ್ಲೆಲ್ಲಿ ತಪ್ಪತೈತಿ ಅಂತ ನಮ್ಮ ಹಳೇ ಮಳಿ ಲೆಕ್ಕದ ಮುಂದ ಇಟ್ಟು ನೋಡಿ, ತಿದ್ದಿ ತಗೋಬೇಕು. ಅದ ನನ್ನ ಕೆಲಸ. ಆಲ್ಟ್ರೇಷನ್ನು, ಮಾಸ್ತರ್ರ! ಅವತ್ತು ನಿಮ್ಮ ಬೋರ್ಡ್ ಓದಿದಾಗ ನನಗ ಬೈದಂಗಾತು."

ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಸಪ್ಪೆ ಮುಖಕ್ಕೆ ಕಾರಣ ಬೇರೆಯೇ ಇತ್ತು. ಅವರು ಮಾದರಿಯ ಸಣ್ಣ ಮಳೆಯನ್ನು ಹಳೆಯ ಲೆಕ್ಕದ ಸಣ್ಣದಕ್ಕೆ, ದೊಡ್ಡದನ್ನು ದೊಡ್ಡದಕ್ಕೆ ಹೋಲಿಸಿ, ಇಲ್ಲದ ಸೋನೆಯನ್ನು ತೆಗೆದು, ದೊಡ್ಡ ಮಳೆಯನ್ನು ಎಷ್ಟು ಏರಿಸಬೇಕೋ ಅಷ್ಟು ಏರಿಸಿ ಲೆಕ್ಕ ಮಾಡಿದ್ದರು. ಅದರ ಪ್ರಕಾರ ಕೋಡಿಯ ಒಂದು ಕಲ್ಲೂ ಮುಟ್ಟುವಂತಿರಲಿಲ್ಲ. ಅವರ ಸಾಹೇಬರು ಅದನ್ನು ಪಕ್ಕಕ್ಕಿಟ್ಟು, ಎಲ್ಲ ದಿನದ ಮಳೆಗೂ ಒಂದೇ ಗುಣಾಕಾರ ಹಾಕಿ, ವರ್ಷದ ಒಟ್ಟು ಸರಿಹೋಯಿತಲ್ಲ, ಅರ್ಧ ಕೋಡಿ ಸಾಕು ಎಂದು ರಿಪೋರ್ಟು ಬರೆದಿದ್ದರು.

"ಅಂದ್ರೆ ಕಾಲರು, ತೋಳು, ಹೊಟ್ಟೆ ಎಲ್ಲಾ ಕಡೆನೂ ಒಂದೇ ಸಮ ಅರ್ಧರ್ಧ ಇಂಚು ಜಾಸ್ತಿ ಮಾಡ್ದಂಗೆ. ಅದೆಂಥಾ ಆಲ್ಟ್ರೇಷನ್ ಮೇಡಂ? ಸೈಜು ಬೇರೆ ಆಯ್ತು ಅಷ್ಟೆ" ಅಂದೆ ನಾನು, ಸುಮ್ಮನೆ ಮಾತಿಗೆ.

ಮೇಡಂ ನನ್ನನ್ನೇ ನೋಡಿದರು. ಎದ್ದು ಹೋದರು.

ಮರುದಿನ ಬಂದಾಗ ಕೈಯಲ್ಲಿ ಈ ನೀಲಿ ಷರ್ಟು. ನಾಯಂಡಹಳ್ಳಿಯ ಫುಟ್‌ಪಾತಿನಲ್ಲಿ ಕೊಂಡದ್ದು. ಬರುವ ಭಾನುವಾರ ವಾರ್ಡಿನ ಸಭೆಯಲ್ಲಿ ಕೋಡಿಯ ವಿಷಯ ತೀರ್ಮಾನ ಆಗುವುದಿತ್ತು. ಅಲ್ಲಿ ನಾನು ಅದನ್ನು ಹಾಕಿಕೊಂಡು ನಿಲ್ಲಬೇಕಂತೆ. ಬಲಗಡೆ ಮಾತ್ರ ಆಲ್ಟರ್ ಮಾಡಬೇಕಂತೆ, ಎಡಗಡೆ ಹೇಗಿದೆಯೋ ಹಾಗೇ ಇರಬೇಕಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ರೆಡಿಮೇಡ್ ಹಾಕ್ಕೊಂಡು ನಾಲ್ಕು ಜನರ ಮುಂದೆ ನಿಲ್ಲೋದಾ? ನನ್ನ ಗಿರಾಕಿಗಳು ಮುಖಕ್ಕೆ ಉಗೀತಾರೆ. ಬೇರೆ ಯಾರನ್ನಾದ್ರೂ ನೋಡ್ಕೊಳಿ."

"ಬ್ಯಾರೇದವರು ಹಾಕ್ಕೊಂಡ್ರ ಯಾರೂ ನೋಡಂಗಿಲ್ರಿ. ನೀವು ಹಾಕ್ಕೊಂಡ್ರ ಬೀದಿಗೆ ಬೀದಿನ ಬರ್ತೈತಿ. ಮತ್ತ ನಿಮ್ಮ ಗಿರಾಕಿಗೋಳು ನೀರಾಗ ಹೋದ ಮ್ಯಾಲೆ ಯಾರಿಗೆ ಹೊಲೀತೀರಿ?" ಅಂದರು. ಆಮೇಲೆ ದನಿ ತಗ್ಗಿಸಿ, "ನಂದು ನೌಕರಿ ಹೋಗ್ತೈತಿ ಮಾಸ್ತರ್ರ. ನಿಮ್ಮದು ಬರೇ ಮರ್ಯಾದಿ."

ಬರೇ ಮರ್ಯಾದೆ! ಆ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನ್ನಂಥವನ ಹತ್ತಿರ ಇದ್ದದ್ದೇ ಅದು. ಆದರೂ ಷರ್ಟು ಎತ್ತಿಕೊಂಡೆ. ಹೆದರಿ ಅಲ್ಲ, ಕರುಣೆಗೂ ಅಲ್ಲ. ಅಳತೆ ತೆಗೆಯದೆ ಹೊಲಿದದ್ದನ್ನು ನಮ್ಮ ಬೀದಿಯ ಮೇಲೆ ಹೊದಿಸುತ್ತಾರಲ್ಲ, ಆ ಸೊಕ್ಕನ್ನು ನನ್ನಿಂದ ಸಹಿಸಲಾಗಲಿಲ್ಲ.

ಟೇಲರ್ ತನ್ನ ಅಳತೆ ತಾನು ತೆಗೆಯಬಾರದು. ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟದ್ದು. ತಾನೇ ತೆಗೆದರೆ ಗೊತ್ತಿಲ್ಲದೆಯೇ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತೇವೆ. ಹಾಗಾಗಿ ಟೇಪು ಮೇಡಂ ಕೈಗೆ ಕೊಟ್ಟೆ. ಕೆರೆ ಏರಿ ಅಳೆದು ಅಭ್ಯಾಸ ಇದ್ದವರು. ನನ್ನ ಸೊಂಟಕ್ಕೆ ಟೇಪು ಸುತ್ತಿ ನಿಂತು, "ಹೊಟ್ಟಿ ಬಿಡ್ರಿ ಮಾಸ್ತರ್ರ" ಅಂದರು.

"ಬಿಟ್ಟೇ ಇದೀನಿ ಮೇಡಂ. ನಾನಿರೋದೇ ಹಿಂಗೆ."

"ಸುಳ್ಳ. ನಮ್ ಸಾಹೇಬರ ರಿಪೋರ್ಟಿನಂಗ ಮಾಡಬ್ಯಾಡ್ರಿ. ಉಸಿರು ಬಿಡ್ರಿ ಅಂದ್ರ!"

ಎದುರಿನ ಹೋಟೆಲಿನವನು ಇದನ್ನು ನೋಡಿ ಬಿದ್ದು ಬಿದ್ದು ನಕ್ಕ. ನಗಲಿ ಬಿಡಿ ಅಂದುಕೊಂಡು ಉಸಿರು ಬಿಟ್ಟೆ.

ಮಷಿನ್ ಮೇಲೆ ಬಗ್ಗಿ ಬಗ್ಗಿ ನನ್ನ ಬಲಭುಜ ತಗ್ಗಿದೆ. ಆ ಷರ್ಟಿಗೆ ಎರಡು ಭುಜವೂ ಒಂದೇ. ತೋಳು ನನಗಿಂತ ಗೇಣು ಉದ್ದ ಇರುವವನದು, ಹೊಟ್ಟೆ ಊಟ ಬಿಟ್ಟವನದು. ಬಲಗಡೆ ಭುಜ ಬಿಚ್ಚಿ ಇಳಿಸಿದೆ. ತೋಳು ಕತ್ತರಿಸಿದೆ. ಕತ್ತರಿಸಿದ ಆ ಬಟ್ಟೆಯನ್ನೇ ಪಟ್ಟಿ ಮಾಡಿ ಹೊಟ್ಟೆಯ ಮಗ್ಗುಲಿಗೆ ಸೇರಿಸಿದೆ. ಹೊರಗಿನಿಂದ ಒಂದು ತುಂಡು ಬಟ್ಟೆಯನ್ನೂ ತರಲಿಲ್ಲ. ಬೇಡದ ಕಡೆ ಇದ್ದದ್ದನ್ನು ಬೇಕಾದ ಕಡೆಗೆ ತಂದೆ. ಮೇಡಂ ಸ್ಟೂಲಿನ ಮೇಲೆ ಕೂತು ನೋಡುತ್ತಲೇ ಇದ್ದರು. "ಇದ ನೋಡ್ರಿ, ಇದ" ಅಂದರು, ತಮಗೆ ತಾವೇ.

ಸಭೆ ಸರ್ಕಾರಿ ಶಾಲೆಯ ಹಾಲಿನಲ್ಲಿ. ಮೇಡಂ ಹೇಳಿದಂತೆ ಬೀದಿಗೆ ಬೀದಿಯೇ ಬಂದಿತ್ತು. ನಾನು ಒಳಗೆ ಕಾಲಿಟ್ಟೆನೋ ಇಲ್ಲವೋ, ಹೋಟೆಲಿನವನು ಕೂಗಿದ: "ಏನ್ ಮಾಸ್ಟ್ರೇ, ಯಾರ ಮದುವೇಲಿ ಕೊಟ್ರು ಷರ್ಟು? ಅರ್ಧ ನಿಮ್ದು, ಅರ್ಧ ಮಾವಂದಾ?" ಎಲ್ಲ ನಕ್ಕರು. ಕಿವಿ ಬಿಸಿಯಾಯಿತು. ತಲೆ ತಗ್ಗಿಸಲಿಲ್ಲ.

ಸಾಹೇಬರು ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿ ಅರ್ಧ ಕೋಡಿ ಧಾರಾಳ ಸಾಕು ಅಂದರು. ಲೇಔಟಿನವರು ಚಪ್ಪಾಳೆ ತಟ್ಟಿದರು. ಆಗ ಅದೇ ಸಾಹೇಬರ ಪಕ್ಕದ ಕುರ್ಚಿಯಿಂದ ಮೇಡಂ ಎದ್ದರು. ನನ್ನನ್ನು ಮುಂದೆ ಕರೆದರು. ಎಡಗಡೆ ತಿರುಗಿಸಿ ನಿಲ್ಲಿಸಿದರು.

"ಇದು ಈಗ ತೋರಿಸಿದ ಮಳಿ. ಬಟ್ಟಿ ಎಷ್ಟು ಮೀಟರ್ ಅಂತ ಕೇಳ್ರಿ, ಸರಿ ಐತಿ. ಆದ್ರ ಇರಬೇಕಾದಲ್ಲಿ ಇಲ್ಲ. ತೋಳಿನಾಗ ಸುಮ್ಮನ ಜೋತಾಡಾಕತ್ತೈತಿ, ಹೊಟ್ಟಿಗೆ ಬಿಗೀತೈತಿ." ಬಲಗಡೆ ತಿರುಗಿಸಿದರು. "ಇದು ತಿದ್ದಿದ್ದು. ಬಟ್ಟಿ ಅಷ್ಟ ಐತಿ."

"ಮೇಡಂ, ಇದು ಟೆಕ್ನಿಕಲ್ ವಿಷಯ. ಟೇಲರಿಂಗ್ ಕ್ಲಾಸ್ ಅಲ್ಲ. ಕೂತ್ಕೊಳಿ" ಅಂದರು ಸಾಹೇಬರು.

ನನಗೆ ತಡೆಯಲಾಗಲಿಲ್ಲ. "ಸಾರ್, ನೀವು ಹಾಕಿರೋ ಕೋಟಿನ ಭುಜ ಇಳಿದಿದೆ. ಅದೂ ರೆಡಿಮೇಡೇ. ನಿಮಗೇನು, ಸಭೆ ಮುಗಿದ್ಮೇಲೆ ಬಿಚ್ಚಿ ಹಾಕ್ತೀರ. ನಾವು ಕೆರೆ ಕೆಳಗೆ ಮಲಗೋರು. ನೀವು ಹೊದಿಸಿದ್ದನ್ನ ಬಿಚ್ಚಿ ಹಾಕಿ ಎಲ್ಲಿಗೆ ಹೋಗೋಣ?"

ಮೇಡಂ ನನಗೆ ಎರಡೂ ಕೈ ಮೇಲೆತ್ತಲು ಹೇಳಿದರು, ತಲೆಯ ಮೇಲೆ ಮೂಟೆ ಎತ್ತಿಕೊಳ್ಳುವ ಹಾಗೆ. ಎತ್ತಿದೆ. ಚರ್ರನೆ ಎಡಮಗ್ಗುಲು ಹರಿಯಿತು. ಬಲಗಡೆ ಒಂದು ಎಳೆಯೂ ಅಲುಗಲಿಲ್ಲ. "ದೊಡ್ಡ ಮಳಿ ಬಂದ್ರ ಇಷ್ಟ ಆಗೂದು" ಅಂದರು ಮೇಡಂ. ಈ ಸಲ ಯಾರೂ ನಗಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಗೆದ್ದಂತೆಯೇ ಇತ್ತು. ಅವರು ಬಿಡಲಿಲ್ಲ. "ಇನ್ನೊಂದು ಮಾತು. ಇದು ಈಗಿನ ಅಳತಿ. ಮಾಸ್ತರ್ರ ಮೈ ಮುಂದ ಹಿಂಗ ಇರಂಗಿಲ್ಲ, ಮಳೀದೂ ಹಂಗ. ಒಳಗ ಬಟ್ಟಿ ಬಿಟ್ಟು ಹೊಲೀಬೇಕು, ಕೆಲವು ವರ್ಷಕ್ಕ ಮತ್ತ ಅಳೀಬೇಕು."

ಸಾಹೇಬರು ತಕ್ಷಣ ಹಿಡಿದುಕೊಂಡರು. "ಅಂದ್ರೆ ನಿಮ್ಮ ಲೆಕ್ಕಕ್ಕೂ ಗ್ಯಾರಂಟಿ ಇಲ್ಲ ಅಂತಾಯ್ತು."

"ಇಲ್ರಿ, ಗ್ಯಾರಂಟಿ ಇಲ್ಲ. ಅದಕ್ಕ ಕೋಡಿ ಕಿರಿದು ಮಾಡಬ್ಯಾಡ್ರಿ ಅನ್ನಾಕತ್ತೀನಿ."

ಸಭೆ ನಡೆಸಲು ಬಂದಿದ್ದ ಸರ್ಕಾರಿ ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಲೆಕ್ಕ ಮತ್ತೆ ಪರಿಶೀಲಿಸುವ ತನಕ ಕೋಡಿ ಮುಟ್ಟುವುದು ಬೇಡ ಅಂದರು. ಅಷ್ಟೆ. ಹಾರ ತುರಾಯಿ ಏನೂ ಇಲ್ಲ. ಕೆಲಸ ನಿಂತಿತು, ನಿಂತೇ ಹೋಯಿತು.

ಮೇಡಂ ನೌಕರಿ ಅದೇ ವಾರ ಹೋಯಿತು. ಹೇಳಲು ಅಂಗಡಿಗೆ ಬಂದವರು ಅಳಲಿಲ್ಲ. ಹೊಸ ಪ್ಯಾಂಟಿನ ಉದ್ದ ಜೇಬಿಗೆ ಕೈ ಹಾಕಿಕೊಂಡು ನಿಂತು, "ಏರಿ ಮ್ಯಾಲೆ ಮಣ್ಣು ಕುಸಿದ ಕಡೆ ಒಂದಿಷ್ಟು ಕಣ್ಣಿಡ್ರಿ" ಅಂದರು. ಆ ಷರ್ಟು ನನಗೇ ಬಿಟ್ಟು ಊರಿಗೆ ಹೋದರು. ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಈಗ ನಾನೂ ಮಾಸ್ತರ್ರು ನೋಡ್ರಿ ಎಂದು ಫೋನಿನಲ್ಲಿ ನಕ್ಕಿದ್ದರು. ಮಳೆಗಾಲ ಬಂತೆಂದರೆ ಫೋನು ತಪ್ಪುತ್ತಿರಲಿಲ್ಲ. ಹೇಗಿದ್ದೀರಿ, ಊಟ ಆಯ್ತಾ, ಇಂಥವೆಲ್ಲ ಅವರಿಗೆ ಬೇಡ. ಮೊದಲ ಮಾತೇ, "ಕೋಡಿ ಬಿತ್ತೇನ್ರಿ ಮಾಸ್ತರ್ರ?"

ಕೊರೊನಾ ಎರಡನೇ ಸಲ ಬಂದ ವರ್ಷ ಆ ಫೋನು ಬರಲಿಲ್ಲ. ನಾನೇ ಮಾಡಿದೆ. ಅವರ ತಮ್ಮ ಎತ್ತಿಕೊಂಡ. "ಅಕ್ಕ ಹೋದಳ್ರಿ..." ಅಂದ. ಆಚೆ ಕಡೆಯಿಂದ ಅವನೇ ಕೇಳಿದ, "ನೀವು ಟೇಲರ್ ಮಾಸ್ತರ್ರೇನು?"

ಹೋದ ಮಳೆಗಾಲದಲ್ಲಿ ಒಂದು ಸಂಜೆ ಆಕಾಶವೇ ಕಳಚಿಬಿತ್ತು. ಕೆರೆ ತುಂಬಿ ಕೋಡಿಯ ಅಷ್ಟಗಲಕ್ಕೂ ನೀರು ಹಾಸಿಕೊಂಡು ಬಿತ್ತು. ಅದರ ಸದ್ದು ನನ್ನ ಮಷಿನ್ನಿನ ತನಕ ಕೇಳುತ್ತಿತ್ತು. ಬೀದಿಯಲ್ಲಿ ಹರಿದದ್ದು ಬೀದಿಯ ಮಳೆ ಮಾತ್ರ. ಒಂದು ಮನೆಯ ಹೊಸ್ತಿಲೂ ನೆನೆಯಲಿಲ್ಲ. ಫೋನು ಕೈಗೆತ್ತಿಕೊಂಡು ಆ ನಂಬರು ತೆಗೆದೆ. ಹಾಗೇ ಇಟ್ಟೆ... ಮರುದಿನ ಹೋಟೆಲಿನಲ್ಲಿ ಯಾರೋ, "ಅರ್ಧ ಮುಚ್ಚಿದ್ರೂ ಏನೂ ಆಗ್ತಿರ್ಲಿಲ್ಲ ಬಿಡಿ" ಅಂದ. ಹೋಟೆಲಿನವನೇ ಅವನ ಮುಂದಿನ ಕಾಫಿ ಎತ್ತಿಕೊಂಡು ಒಳಗೆ ಹೋದ. ನಾನೇನೂ ಹೇಳಬೇಕಾಗಿ ಬರಲಿಲ್ಲ.

ಈಗ ಮತ್ತೊಂದು ಆಫೀಸು ಬಂದಿದೆ. ಕೆರೆ ಸುತ್ತ ವಾಕಿಂಗ್ ಪಾತ್ ಮಾಡುತ್ತಾರಂತೆ, ಅದಕ್ಕೆ ಕೋಡಿ ಕಿರಿದು ಮಾಡುತ್ತಾರಂತೆ. ಹೊಸ ಮಾದರಿ, ಹೊಸ ಲೆಕ್ಕ, ಎಲ್ಲ ಸರಿಯಾಗಿದೆ ಅನ್ನುತ್ತಿದ್ದಾರೆ. ಭಾನುವಾರ ಸಭೆ. ಹೊಸದನ್ನು ನಾನು ಬೇಡ ಅನ್ನುವವನಲ್ಲ. ನನಗಿರುವುದು ಎರಡೇ ಪ್ರಶ್ನೆ: ತಿದ್ದಿದ್ದೀರಾ? ಯಾರ ಮೈಗೆ ತಿದ್ದಿದ್ದೀರಿ? ಏಳನೇ ಕ್ಲಾಸಿನವನು ಮಳೆಯ ಲೆಕ್ಕ ಕೇಳುತ್ತಾನೆ ಎಂದು ನಗುವವರು ನಗಲಿ. ಆ ಹಾಲಿನ ನಗು ನನಗೆ ಹೊಸದಲ್ಲ.

ಅದಕ್ಕೇ ನಿನ್ನೆ ಗಂಟು ಬಿಚ್ಚಿದ ಕೂಡಲೇ ಷರ್ಟು ಹಾಕಿ ನೋಡಿದೆ. ಮೇಡಂ ಹೇಳಿದ್ದು ಹೇಳಿದ ಹಾಗೇ ಆಗಿದೆ. ಬಲಗಡೆಯೂ ಈಗ ಬಿಗಿ. ಮೈ ಬೆಳೆದಿದೆ, ಭುಜ ಇನ್ನಷ್ಟು ತಗ್ಗಿದೆ. ಪಟ್ಟಿಯ ಒಳಗೆ ಅವತ್ತು ಬಿಟ್ಟಿದ್ದ ಬಟ್ಟೆ ಸ್ವಲ್ಪ ಇದೆ, ಅದನ್ನು ಬಿಡಿಸಬಹುದು. ಸಾಲದಿದ್ದರೆ ಎಡತೋಳು ಇನ್ನೂ ಉದ್ದವಾಗಿಯೇ ಇದೆ. ಅಲ್ಲಿಂದ ತರುತ್ತೇನೆ.

ಟೇಪು ತೆಗೆದುಕೊಂಡೆ. ಸ್ಟೂಲಿನ ಕಡೆ ನೋಡಿದೆ. ಟೇಪು ಹಿಡಿಯುವ ಕೈ ಇಲ್ಲ. ಬಾಗಿಲ ಮೇಲೆ ಬೋರ್ಡು, ಆಚೆ ಏರಿ, ಏರಿಯ ತುದಿಗೆ ಕೋಡಿ. 'ಉಸಿರು ಬಿಡ್ರಿ' ಅಂದ ಹಾಗಾಯಿತು. ನನ್ನ ಸೊಂಟಕ್ಕೆ ನಾನೇ ಟೇಪು ಸುತ್ತಿದೆ. ಹೊಟ್ಟೆ ಒಳಗೆ ಎಳೆದುಕೊಳ್ಳಲಿಲ್ಲ.